ಬೆಂಗಳೂರು ಎಫ್‌ಸಿ ಲೇಖನದ ಬರವಣಿಗೆ ತಿದ್ದಬೇಕಿದೆ: ಅನುಭವ ಇದ್ದವರು ಹೇಳಿ

ಪ್ರಶ್ನೆ

ಕನ್ನಡ ವಿಕಿಪೀಡಿಯಕ್ಕೆಂದು ಬೆಂಗಳೂರು ಫುಟ್‌ಬಾಲ್ ಕ್ಲಬ್ ಬಗ್ಗೆ ನಮ್ಮ ಗುಂಪು ಪ್ರಯೋಗಪುಟದಲ್ಲಿ ಒಂದು ಕರಡು ಸಿದ್ಧಪಡಿಸಿದೆ. ಅರ್ಧ ಭಾಗ ಇಂಗ್ಲಿಷ್ ಲೇಖನದ ಯಂತ್ರಾನುವಾದ, ಉಳಿದರ್ಧ ತಂಡದ ಕಟ್ಟಾ ಅಭಿಮಾನಿಯೊಬ್ಬರು ಬರೆದದ್ದು. ಮಾಹಿತಿಗೆ ಬರವಿಲ್ಲ, ಆದರೆ ಎರಡು ಪ್ಯಾರಾ ದಾಟಿ ಓದಲು ಆಗುತ್ತಿಲ್ಲ. ಮೊದಲ ಸಾಲು ಹೀಗಿದೆ: ‘ಭಾರತೀಯ ಫುಟ್‌ಬಾಲ್‌ನ ದಿಗ್ಗಜ ತಂಡವಾದ ಬೆಂಗಳೂರು ಎಫ್‌ಸಿಯು ತನ್ನ ಅಮೋಘ ಪಯಣದಲ್ಲಿ ಅನೇಕ ಮೈಲಿಗಲ್ಲುಗಳನ್ನು ಸ್ಥಾಪಿಸಿ ಕೋಟ್ಯಂತರ ಅಭಿಮಾನಿಗಳ ಹೃದಯ ಗೆದ್ದಿದೆ.’ ತಿದ್ದುವ ಹೊಣೆ ನನ್ನ ತಲೆಗೆ ಬಂದಿದೆ. ಫುಟ್‌ಬಾಲ್ ನೋಡುತ್ತೇನೆ, ಆದರೆ ವಿಶ್ವಕೋಶಕ್ಕೆ ಬರೆದು ಅಭ್ಯಾಸವಿಲ್ಲ. ಇಂಥ ಕೆಲಸ ಮಾಡಿದವರು ಎಲ್ಲಿಂದ ಹಿಡಿದಿರಿ?

ಪತ್ರಿಕೆಯೊಂದರ ಕ್ರೀಡಾ ಪುಟದಲ್ಲಿ ಬಹುಕಾಲ ಉಪಸಂಪಾದಕರಾಗಿದ್ದವರು

ಮೇಡಂ, ಆ ಮೊದಲ ಸಾಲಿನಿಂದಲೇ ಹಿಡಿಯಿರಿ. ಅದರಲ್ಲಿ ‘ಬೆಂಗಳೂರು ಎಫ್‌ಸಿ’ ಎಂಬುದನ್ನು ಅಳಿಸಿ ‘ಮೋಹನ್ ಬಾಗನ್’ ಎಂದು ಹಾಕಿ ಓದಿ. ಏನೂ ಕೆಡುವುದಿಲ್ಲ. ಯಾವ ತಂಡಕ್ಕೂ ಒಪ್ಪುವ ವಾಕ್ಯ ಯಾವ ತಂಡದ ಬಗ್ಗೆಯೂ ಏನನ್ನೂ ಹೇಳಿರುವುದಿಲ್ಲ. ಕರಡಿನ ಪ್ರತಿ ಸಾಲಿಗೂ ಈ ಪರೀಕ್ಷೆ ಒಡ್ಡಿ. ಅರ್ಧದಷ್ಟು ಉದುರಿಹೋಗುತ್ತದೆ, ಹೋಗಲಿ ಬಿಡಿ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಬೆಂಗಳೂರು ಎಫ್‌ಸಿ ಬೆಂಗಳೂರಿನ ವೃತ್ತಿಪರ ಫುಟ್‌ಬಾಲ್ ಕ್ಲಬ್. ಜೆಎಸ್‌ಡಬ್ಲ್ಯು ಸಮೂಹದ ಒಡೆತನದ ಈ ಕ್ಲಬ್ 2013ರಲ್ಲಿ ಆರಂಭವಾಯಿತು. ನೇರ ಪ್ರವೇಶ ಪಡೆದು ಆಡಿದ ಮೊದಲ ಋತುವಿನಲ್ಲೇ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2017ರಿಂದ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಆಡುತ್ತಿದ್ದು, 2018–19ರಲ್ಲಿ ಅಲ್ಲಿಯೂ ಚಾಂಪಿಯನ್ ಆಯಿತು.’ ಇಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೆ ‘ಮೊದಲ ಋತುವಿನಲ್ಲೇ’ ಎಂಬಷ್ಟರಲ್ಲಿ ಓದುಗನಿಗೆ ಈ ಕ್ಲಬ್ ಸಾಮಾನ್ಯದ್ದಲ್ಲ ಎಂಬುದು ತಿಳಿಯುತ್ತದೆ. ನಿಮ್ಮ ಅಭಿಮಾನಿ ಮಿತ್ರರಿಗೂ ಇದನ್ನೇ ಹೇಳಿ: ಮೆಚ್ಚುವ ಕೆಲಸವನ್ನು ಓದುಗನಿಗೆ ಬಿಟ್ಟುಬಿಡಲಿ, ಮೆಚ್ಚುವುದಕ್ಕೆ ಬೇಕಾದ ಸಂಗತಿಯನ್ನು ನಾವು ಕೊಟ್ಟರಾಯಿತು.

ಎರಡನೆಯ ರೋಗ ‘ಇತಿಹಾಸ’ ವಿಭಾಗದ್ದು. ಕ್ರೀಡಾ ಕ್ಲಬ್‌ಗಳ ಲೇಖನಗಳೆಲ್ಲ ಸಾಮಾನ್ಯವಾಗಿ ಇಲ್ಲೇ ಸಾಯುತ್ತವೆ. 2013–14ಕ್ಕೆ ಒಂದು ಪ್ಯಾರಾ, 2014–15ಕ್ಕೆ ಒಂದು, ಪ್ರತಿಯೊಂದರಲ್ಲೂ ಯಾರು ಬಂದರು, ಯಾರು ಹೋದರು, ಎಷ್ಟನೇ ಸ್ಥಾನ. ಅದು ಕೋಷ್ಟಕದ ಕೆಲಸ, ಅದನ್ನು ಕೋಷ್ಟಕಕ್ಕೇ ಕೊಡಿ. ಗದ್ಯಕ್ಕೆ ತಿರುವುಗಳನ್ನು ಮಾತ್ರ ಉಳಿಸಿಕೊಳ್ಳಿ. ಈ ಕ್ಲಬ್‌ನ ಮಟ್ಟಿಗೆ ನನ್ನ ಲೆಕ್ಕದಲ್ಲಿ ಅವು ಹೆಚ್ಚೇನಿಲ್ಲ: ಆ್ಯಶ್ಲಿ ವೆಸ್ಟ್‌ವುಡ್ ಕೋಚ್ ಆಗಿದ್ದ ಐ-ಲೀಗ್ ವರ್ಷಗಳು, 2016ರ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್‌ಗಳ ಟೂರ್ನಿ), 2017ರಲ್ಲಿ ಲೀಗ್ ಬದಲಾದದ್ದು, ಆಮೇಲೆ ಏಳುಬೀಳು.

ಇವುಗಳಲ್ಲಿ 2016ಕ್ಕೆ ಧಾರಾಳವಾಗಿ ಜಾಗ ಕೊಡಿ. ಅದಕ್ಕೆ ಕಾರಣವಿದೆ. ಅದಕ್ಕೆ ಮುಂಚೆ ಡೆಂಪೊ, ಈಸ್ಟ್ ಬೆಂಗಾಲ್ ತಂಡಗಳು ಆ ಟೂರ್ನಿಯ ಸೆಮಿಫೈನಲ್‌ವರೆಗೆ ಹೋಗಿ ನಿಂತಿದ್ದವು. ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಬೆಂಗಳೂರು. ಸೆಮಿಫೈನಲ್‌ನಲ್ಲಿ ಎದುರಿದ್ದದ್ದು ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಂ. ಅವರ ನೆಲದಲ್ಲಿ ನಡೆದ ಮೊದಲ ಪಂದ್ಯ 1–1 ಸಮ. ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಮೊದಲ ಗೋಲು ಜೊಹೊರ್‌ನದ್ದೇ. ಆಮೇಲೆ ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು ಗೋಲು ಹೊಡೆದು 3–1 ಆಯಿತು. ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ ಅಲ್-ಕುವಾ ಅಲ್-ಜಾವಿಯಾ ಎದುರು ಒಂದೇ ಗೋಲಿನಿಂದ ಸೋಲು. ಇಷ್ಟನ್ನು ಅನುಕ್ರಮವಾಗಿ ಹೇಳಿದರೆ ಸಾಕು, ‘ರೋಚಕ’, ‘ಐತಿಹಾಸಿಕ’ ಯಾವುದೂ ಬೇಡ. ಜೊಹೊರ್ ಮೊದಲು ಗೋಲು ಹೊಡೆದದ್ದನ್ನು ಮಾತ್ರ ಬಿಡಬೇಡಿ. ಅದನ್ನು ಬಿಟ್ಟರೆ 3–1 ಬರೀ ಅಂಕಿಯಾಗಿ ಉಳಿಯುತ್ತದೆ.

ಮಂಗಳೂರಿನಿಂದ, ಅನುವಾದ ಪರಿಷ್ಕರಣೆ ಮಾಡುವವರು

ಮೇಲಿನವರು ಅಭಿಮಾನಿ ಬರೆದ ಅರ್ಧದ ಬಗ್ಗೆ ಹೇಳಿದರು. ಯಂತ್ರ ಬರೆದ ಅರ್ಧದ ಪಾಡು ಬೇರೆ. ಅದನ್ನು ಪದಪದವಾಗಿ ತಿದ್ದುತ್ತಾ ಕೂರಬೇಡಿ. ಬೆನ್ನು ನೋಯುವುದಷ್ಟೇ ಲಾಭ. ಪ್ಯಾರಾ ಓದಿ, ಏನು ನಡೆಯಿತೆಂದು ಅರ್ಥಮಾಡಿಕೊಂಡು, ಪರದೆ ಮುಚ್ಚಿ ಹೊಸದಾಗಿ ಬರೆಯಿರಿ. ಆಮೇಲೆ ಹೆಸರು, ದಿನಾಂಕ, ಅಂಕಿಗಳನ್ನು ತಾಳೆ ನೋಡಿ.

ಯಂತ್ರ ಸಾಮಾನ್ಯವಾಗಿ ಕೊಡುವುದು ಇಂಥದ್ದನ್ನು: ‘ಗೋಲು ರಾಹುಲ್ ಭೆಕೆ ಅವರಿಂದ ಹೆಚ್ಚುವರಿ ಸಮಯದಲ್ಲಿ ಗಳಿಸಲ್ಪಟ್ಟಿತು, ಇದು ಗೋವಾ ವಿರುದ್ಧ ಪ್ರಶಸ್ತಿಯನ್ನು ಗೆಲ್ಲುವಲ್ಲಿ ತಂಡಕ್ಕೆ ಕಾರಣವಾಯಿತು.’ ಅಂಗಳದಲ್ಲಿ ಚೆಂಡನ್ನು ಯಾರೂ ‘ಗಳಿಸಲ್ಪಡುವಂತೆ’ ಹೊಡೆಯುವುದಿಲ್ಲ. ನಡೆದದ್ದು ಇಷ್ಟು: 2019ರ ಮಾರ್ಚ್ 17, ಮುಂಬೈ, ಐಎಸ್‌ಎಲ್ ಫೈನಲ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಗೋವಾದ ಅಹ್ಮದ್ ಜಹೂಹ್ ಕೆಂಪು ಕಾರ್ಡ್ ಪಡೆದು ಹೊರನಡೆದರು. 117ನೇ ನಿಮಿಷದಲ್ಲಿ ದಿಮಾಸ್ ದೆಲ್ಗಾದೊ ಕಾರ್ನರ್‌ನಿಂದ ಒದ್ದ ಚೆಂಡಿಗೆ ಭೆಕೆ ತಲೆ ಕೊಟ್ಟರು. ಅದೊಂದೇ ಗೋಲು. ಈಗ ಇದನ್ನು ಎರಡು ವಾಕ್ಯ ಮಾಡಿ: ‘ಗೋವಾ ವಿರುದ್ಧದ ಫೈನಲ್ ಹೆಚ್ಚುವರಿ ಅವಧಿಗೆ ಹೋಯಿತು. ಎದುರಾಳಿ ತಂಡದಲ್ಲಿ ಹತ್ತೇ ಆಟಗಾರರು ಉಳಿದಿದ್ದಾಗ, 117ನೇ ನಿಮಿಷದಲ್ಲಿ ದೆಲ್ಗಾದೊ ಕಾರ್ನರ್‌ಗೆ ರಾಹುಲ್ ಭೆಕೆ ತಲೆಯಿಂದ ಗೋಲು ಹೊಡೆದರು.’ ‘ಹತ್ತೇ ಆಟಗಾರರು’ ಎಂಬುದು ಗೆದ್ದವರ ಅಭಿಮಾನಿಗೆ ಅಷ್ಟು ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೂ ಇರಬೇಕು.

ಇನ್ನೊಂದು ಮಾತು. ‘ತಂಡವು’, ‘ಕ್ಲಬ್’, ‘ಬ್ಲೂಸ್’, ‘ನೀಲಿ ಪಡೆ’, ‘ಛೆಟ್ರಿ ಬಳಗ’ ಎಂದು ಪ್ರತಿ ವಾಕ್ಯಕ್ಕೂ ಹೆಸರು ಬದಲಿಸುವ ಚಾಳಿ ಪತ್ರಿಕೆಗಳಿಂದ ಬಂದದ್ದು, ಮೇಲಿನ ಸರ್ ಕ್ಷಮಿಸಬೇಕು. ವಿಶ್ವಕೋಶದಲ್ಲಿ ‘ಬೆಂಗಳೂರು’ ಅಥವಾ ‘ಕ್ಲಬ್’ ಸಾಕು. ಕನ್ನಡದಲ್ಲಂತೂ ಕರ್ತೃಪದವನ್ನೇ ಬಿಟ್ಟು ಕ್ರಿಯಾಪದದಲ್ಲಿ ನಿಭಾಯಿಸುವ ಅನುಕೂಲವಿದೆ.

ಕ್ರೀಡಾ ಪುಟದವರು

ಕ್ಷಮಿಸಿದ್ದೇನೆ. ಒಂದಂಕಣದ ಸುದ್ದಿಯಲ್ಲಿ ‘ಬೆಂಗಳೂರು’ ನಾಲ್ಕು ಸಲ ಬಂದರೆ ನಮ್ಮ ಮುಖ್ಯಸ್ಥರು ಕೆಂಪು ಪೆನ್ ಎತ್ತುತ್ತಿದ್ದರು. ಚಾಳಿ ಅಲ್ಲಿಂದ ಬಂದದ್ದು.

ಕಂಠೀರವದಲ್ಲಿ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ಕೂತು ಪಂದ್ಯ ನೋಡುವವರು

ಅಭಿಮಾನಿಗಳನ್ನು ಎಲ್ಲರೂ ಸೇರಿ ಬೈಯುತ್ತಿರುವುದರಿಂದ ನಮ್ಮ ಪರವಾಗಿ ಎರಡು ಮಾತು. ಹಳೆಯ ಪಂದ್ಯಗಳ ವಿವರ ನಮ್ಮಷ್ಟು ಕರಾರುವಾಕ್ಕಾಗಿ ಯಾರಿಗೂ ನೆನಪಿರುವುದಿಲ್ಲ, ಆದ್ದರಿಂದ ನಿಮ್ಮ ಗುಂಪಿನ ಅಭಿಮಾನಿಯನ್ನು ಕಳೆದುಕೊಳ್ಳಬೇಡಿ. ಬರೆಯುವುದನ್ನು ನೀವು ಮಾಡಿ, ತಪ್ಪು ಹಿಡಿಯುವ ಕೆಲಸ ಅವರಿಗೆ ಕೊಡಿ. ಮನಸ್ಸಿಟ್ಟು ಮಾಡುತ್ತಾರೆ.

ನಾವು ಎಡವುವುದು ಜಗಳದ ವಿಷಯದಲ್ಲಿ. 2023ರ ಮಾರ್ಚ್ 3ರ ಕೇರಳ ಬ್ಲಾಸ್ಟರ್ಸ್ ಪಂದ್ಯ ನಿಮ್ಮ ಕರಡಿನಲ್ಲಿ ಇದ್ದೇ ಇರುತ್ತದೆ, ಅದನ್ನು ಬರೆದ ಧಾಟಿಯೂ ನನಗೆ ಗೊತ್ತು: ‘ಸೋಲೊಪ್ಪಿಕೊಳ್ಳಲಾಗದ ಬ್ಲಾಸ್ಟರ್ಸ್ ಮೈದಾನದಿಂದ ಪಲಾಯನ ಮಾಡಿತು.’ ಕೊಚ್ಚಿಯಲ್ಲಿ ಕೂತು ಬರೆದರೆ ಇದೇ ಘಟನೆ ‘ಮೋಸದ ಗೋಲು’ ಆಗುತ್ತದೆ. ಎರಡನ್ನೂ ಬಿಟ್ಟು ಯಾರು ಏನು ಮಾಡಿದರು ಎಂಬುದನ್ನಷ್ಟೇ ಬರೆಯಿರಿ. ಕಂಠೀರವದಲ್ಲಿ ನಡೆದ ಪ್ಲೇಆಫ್ ಪಂದ್ಯ ನಿಗದಿತ ಅವಧಿಯಲ್ಲಿ ಗೋಲಿಲ್ಲದೆ ಮುಗಿಯಿತು. ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಫ್ರೀ ಕಿಕ್ ಅನ್ನು, ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಛೆಟ್ರಿ ಒದ್ದು ಗೋಲು ಮಾಡಿದರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಹೊರಗೆ ಕರೆದರು, ತಂಡ ಮರಳಲಿಲ್ಲ. ಪಂದ್ಯ ಬೆಂಗಳೂರಿನದ್ದಾಯಿತು. ಮುಂದೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು. ಬ್ಲಾಸ್ಟರ್ಸ್ ಯಾಕೆ ತಕರಾರು ತೆಗೆದರು ಎಂಬುದಕ್ಕೂ ಒಂದು ವಾಕ್ಯ ಕೊಡಿ. ಇದನ್ನು ಬರೆಯುವಾಗ ನನಗೇ ಕೈ ನಡುಗುತ್ತದೆ, ಆದರೂ ಕೊಡಿ.

ಪ್ರಶ್ನೆ ಕೇಳಿದವರು

ನಿಮಗೆ ಹೇಗೆ ಗೊತ್ತಾಯಿತು? ‘ಪಲಾಯನ’ ಎಂಬ ಪದವೇ ಇದೆ.

ವಿಕಿಪೀಡಿಯದಲ್ಲಿ ಹಳಬರೊಬ್ಬರು

ಚಿಕ್ಕದೊಂದು ಸೇರಿಸುತ್ತೇನೆ. ‘ಪ್ರಸ್ತುತ’, ‘ಇತ್ತೀಚೆಗೆ’, ‘ಈ ಋತುವಿನಲ್ಲಿ’ ಎಂಬ ಪದಗಳನ್ನು ಕರಡಿನಲ್ಲಿ ಹುಡುಕಿ, ಸಿಕ್ಕಲ್ಲೆಲ್ಲ ಇಸವಿ ಹಾಕಿ. ಕನ್ನಡದಲ್ಲಿ ಕೈಯಾಡಿಸುವವರು ಕಡಿಮೆ, ಇಂದು ಬರೆದ ವಾಕ್ಯವನ್ನು ಮತ್ತೊಬ್ಬರು ನೋಡುವ ಹೊತ್ತಿಗೆ ವರ್ಷಗಳೇ ಕಳೆದಿರಬಹುದು. ಛೆಟ್ರಿಯನ್ನೇ ನೋಡಿ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು. 2025ರ ಮಾರ್ಚ್‌ನಲ್ಲಿ ಮತ್ತೆ ತಂಡಕ್ಕೆ ಬಂದರು. ‘ಛೆಟ್ರಿ ಈಗ ನಿವೃತ್ತರು’ ಎಂದು ಬರೆದವರ ಪಾಡು ಏನಾಯಿತು? ‘2024ರ ಜೂನ್‌ನಲ್ಲಿ ನಿವೃತ್ತಿ ಪಡೆದರು’ ಎಂದು ಬರೆದವರ ವಾಕ್ಯ ಮಾತ್ರ ಇಂದಿಗೂ ಸರಿಯಾಗಿದೆ. ಆಟಗಾರರ ಪಟ್ಟಿಗೂ ಇದೇ ನಿಯಮ. ಮೇಲೆ ಯಾವ ದಿನಾಂಕದ ಪಟ್ಟಿ ಎಂದು ಹಾಕಿ, ಇಲ್ಲವಾದರೆ ಪಟ್ಟಿಯನ್ನೇ ಹಾಕಬೇಡಿ.

ಉಲ್ಲೇಖಕ್ಕೆ ಕ್ಲಬ್‌ನ ಸ್ವಂತ ಜಾಲತಾಣ ಒಂದನ್ನೇ ನೆಚ್ಚಬೇಡಿ. ಅಲ್ಲಿಂದ ಸಾಲು ಎತ್ತುವುದಂತೂ ಕೂಡದು, ಹಕ್ಕುಸ್ವಾಮ್ಯದ ಮಾತು ಒತ್ತಟ್ಟಿಗಿರಲಿ, ಆ ಧಾಟಿಯೇ ಜಾಹೀರಾತಿನದ್ದು. ಗುಂಪಿನಲ್ಲಿ ಒಮ್ಮತ ಬಾರದ ಕಡೆ ಲೇಖನದ ಚರ್ಚೆ ಪುಟದಲ್ಲೋ ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಜಾಗವಾದ ಅರಳಿ ಕಟ್ಟೆಯಲ್ಲೋ ಕೇಳಿ.

ಹಲಸೂರಿನ ಹಿರಿಯರು

ಎಲ್ಲರೂ 2013ರಿಂದಲೇ ಶುರುಮಾಡುತ್ತಿದ್ದೀರಿ. ಈ ಊರಿನಲ್ಲಿ ಅದಕ್ಕೆ ಮುಂಚೆ ಫುಟ್‌ಬಾಲೇ ಇರಲಿಲ್ಲವೆ? 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದಿತ್ತು. ಐಟಿಐ, ಎಚ್‌ಎಎಲ್ ತಂಡಗಳಿದ್ದವು. ಎಚ್‌ಎಎಲ್ ಐ-ಲೀಗ್‌ನಲ್ಲೂ ಆಡಿತು. ಗೌತಮಪುರದಲ್ಲಿ ಪೆಲೆ ಪ್ರತಿಮೆಯೇ ಇದೆ. ಹಿನ್ನೆಲೆಯಾಗಿ ಇದಕ್ಕೊಂದು ವಿಭಾಗ ಬೇಡವೆ?

ಕ್ರೀಡಾ ಪುಟದವರು

ಹಿರಿಯರೇ, ನಿಮ್ಮ ಸಂಗತಿಗಳೆಲ್ಲ ನಿಜ. ಆದರೆ ಅವು ‘ಬೆಂಗಳೂರಿನಲ್ಲಿ ಫುಟ್‌ಬಾಲ್’ ಎಂಬ ಬೇರೆಯೇ ಲೇಖನಕ್ಕೆ ಸೇರಿದವು, ಆ ಲೇಖನವನ್ನು ನೀವೇ ಬರೆಯಬೇಕು. ಇಲ್ಲಿ ಎರಡು ವಾಕ್ಯ ಸಾಕು. ಬೇಕಾದರೆ ಮೈದಾನದ ಭಾಗದಲ್ಲಿ ತನ್ನಿ: ಕ್ಲಬ್ ಮೊದಲು ಆಡಿದ್ದು ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, 2014ರಲ್ಲಿ ಕಂಠೀರವಕ್ಕೆ ಬಂದಿತು. ಊರಿನ ಹಳೆಯ ಆಟಕ್ಕೂ ಹೊಸ ಕ್ಲಬ್‌ಗೂ ಕೊಂಡಿ ಅಲ್ಲೇ ಸಿಗುತ್ತದೆ.

ಹಲಸೂರಿನ ಹಿರಿಯರು

ಎರಡು ವಾಕ್ಯಕ್ಕೆ ಒಪ್ಪಿದೆ. 1937 ಅದರಲ್ಲಿ ಇರಲೇಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಪೀಠಿಕೆ ಬದಲಿಸಿದ್ದೇನೆ, ಯಂತ್ರದ ಭಾಗ ಹೊಸದಾಗಿ ಬರೆಯುತ್ತಿದ್ದೇನೆ. ಒಂದು ಅನುಮಾನ ಉಳಿದಿದೆ. ‘ಸಾಧನೆಗಳು’ ವಿಭಾಗದಲ್ಲಿ ಕಪ್‌ಗಳ ಪಟ್ಟಿ ಇದೆ: ಐ-ಲೀಗ್ ಎರಡು ಬಾರಿ, ಫೆಡರೇಷನ್ ಕಪ್ ಎರಡು ಬಾರಿ, 2018ರ ಸೂಪರ್ ಕಪ್, 2018–19ರ ಐಎಸ್‌ಎಲ್, 2022ರ ಡುರಾಂಡ್ ಕಪ್. ಸೋತ ಫೈನಲ್‌ಗಳನ್ನೂ ಬರೆಯಬೇಕೆ? ನಮ್ಮ ಅಭಿಮಾನಿ ಮಿತ್ರರು ‘ಅದೆಲ್ಲ ಯಾಕೆ’ ಎನ್ನುತ್ತಿದ್ದಾರೆ.

ವೆಸ್ಟ್ ಬ್ಲಾಕ್‌ನವರು

ಬರೆಯಲೇಬೇಕು, ಅದೂ ಪಟ್ಟಿಯಲ್ಲಿ ಅಲ್ಲ, ಗದ್ಯದಲ್ಲಿ. ಐಎಸ್‌ಎಲ್‌ಗೆ ಬಂದ ಮೊದಲ ಋತುವಿನಲ್ಲೇ ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದು, 2018ರ ಮಾರ್ಚ್ 17ರಂದು ನಮ್ಮದೇ ಕಂಠೀರವದಲ್ಲಿ ಫೈನಲ್ ಆಡಿ, ಛೆಟ್ರಿ ಒಂಬತ್ತನೇ ನಿಮಿಷದಲ್ಲೇ ಗೋಲು ಹೊಡೆದ ಮೇಲೂ ಚೆನ್ನೈಯಿನ್‌ಗೆ 2–3ರಿಂದ ಸೋತೆವು. ಸರಿಯಾಗಿ ಒಂದು ವರ್ಷದ ನಂತರ, ಅದೇ ಮಾರ್ಚ್ 17ರಂದು, ಭೆಕೆ ಗೋಲು. ಮೊದಲನೆಯದನ್ನು ಬಿಟ್ಟರೆ ಎರಡನೆಯದರ ಬೆಲೆ ಓದುವವರಿಗೆ ಹೇಗೆ ತಿಳಿಯಬೇಕು? 2023ರ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗನ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತದ್ದನ್ನು, 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ಮೋಹನ್ ಬಾಗನ್‌ಗೇ ಹೆಚ್ಚುವರಿ ಅವಧಿಯಲ್ಲಿ 1–2ರಿಂದ ಸೋತದ್ದನ್ನು ಹಾಕಿ. ನಿಮ್ಮ ಮಿತ್ರರಿಗೆ ನನ್ನ ಮಾತೆಂದು ಹೇಳಿ. ಒಪ್ಪದಿದ್ದರೆ ಮುಂದಿನ ಪಂದ್ಯಕ್ಕೆ ವೆಸ್ಟ್ ಬ್ಲಾಕ್‌ಗೆ ಕಳುಹಿಸಿ, ಅಲ್ಲೇ ಮಾತಾಡೋಣ.