ಮಂಡ್ಯದಲ್ಲಿ ಹೊಸ ಕಾರು ತಗೋತಿದೀವಿ, ಈ ಕೊಟೇಶನ್ ಸರಿ ಇದೆಯಾ ನೋಡಿ ಹೇಳಿ

ಕಬ್ಬಿನಗದ್ದೆ_ಕೆಎ11:
ಎಲ್ರಿಗೂ ನಮಸ್ಕಾರ. ನಮ್ಮನೇಲಿ ಇದೇ ಮೊದಲನೇ ಕಾರು, ಪೆಟ್ರೋಲ್ ಹ್ಯಾಚ್‌ಬ್ಯಾಕ್, 1197 ಸಿಸಿ. ಎಕ್ಸ್‌ಶೋರೂಮ್ 7,80,000 ಅಂದ್ರು, ಕೊನೆಗೆ ಕೈಗೆ ಕೊಟ್ಟ ಕೊಟೇಶನ್ ನೋಡಿದ್ರೆ ಹತ್ ಲಕ್ಷದ ಹತ್ರ ಬಂದು ನಿಂತಿದೆ. ರೋಡ್ ಟ್ಯಾಕ್ಸ್ 1,22,212, ಇನ್ಶೂರೆನ್ಸ್ 49,000, ರಿಜಿಸ್ಟ್ರೇಶನ್ ಮತ್ತು ಇತರೆ 8,500, ಹ್ಯಾಂಡ್ಲಿಂಗ್ 9,000, ಆಕ್ಸೆಸರಿ ಕಿಟ್ 24,000, ಎಕ್ಸ್‌ಟೆಂಡೆಡ್ ವಾರಂಟಿ 17,000. ಇಷ್ಟೆಲ್ಲ ಸೇರಿಸಿ 15,000 ಡಿಸ್ಕೌಂಟ್ ಕೊಡ್ತೀವಿ, ಇವತ್ತೇ ಬುಕ್ ಮಾಡಿದ್ರೆ ಮಾತ್ರ ಅಂತಾರೆ. ಅಪ್ಪಂಗೆ ಆಯುಧಪೂಜೆ ಹೊತ್ತಿಗೆ ಗಾಡಿ ಬಾಗಿಲಲ್ಲಿ ಇರ್ಬೇಕು. ಇನ್ನೂ ಆಷಾಢ, ಟೈಮ್ ಇದೆ. ಇದ್ರಲ್ಲಿ ಯಾವ್ದು ಕೊಡ್ಲೇಬೇಕು, ಯಾವ್ದು ಕಮ್ಮಿ ಮಾಡಿಸ್ಬೋದು, ಗೊತ್ತಿರೋರು ದಯವಿಟ್ಟು ಹೇಳಿ.

ಹುಣಸೂರುರೋಡ್:
ಡಿಸ್ಕೌಂಟ್ ಎಷ್ಟು ಅನ್ನೋದನ್ನ ಸದ್ಯಕ್ಕೆ ಪಕ್ಕಕ್ಕಿಡಿ, ಒಂದ್ ಕಡೆ ಹದಿನೈದು ಬಿಟ್ಟು ಇನ್ನೊಂದ್ ಕಡೆ ಐವತ್ತು ಸೇರಿಸಿದಾರೆ. ಕೊಟೇಶನ್ನಿನ ಒಂದೊಂದು ಸಾಲನ್ನೂ ಬೇರೆ ಬೇರೆ ನೋಡಿ, ಸರ್ಕಾರಕ್ಕೆ ಹೋಗೋ ದುಡ್ಡು ಯಾವ್ದು ಶೋರೂಮ್‌ಗೆ ಹೋಗೋ ದುಡ್ಡು ಯಾವ್ದು ಅಂತ.

ಟ್ಯಾಕ್ಸ್ ಸರಿ ಇದೆ. ನಮ್ ರಾಜ್ಯದಲ್ಲಿ 5 ಲಕ್ಷದಿಂದ 10 ಲಕ್ಷದ ಕಾರಿಗೆ 14%, ಆ ತೆರಿಗೆ ಮೇಲೆ 11% ಸೆಸ್, ಅಂದ್ರೆ 1,21,212, ಅದರ ಮೇಲೆ 2025ರಿಂದ ಬಂದಿರೋ ಸಾವಿರ ರೂಪಾಯಿ ಸೆಸ್. ಇದ್ರಲ್ಲಿ ಚೌಕಾಸಿ ಇಲ್ಲ, ಬೆಂಗ್ಳೂರಲ್ಲಿ ತಗೊಂಡ್ರೂ ಅಷ್ಟೇ.

ಆದ್ರೆ ರಿಜಿಸ್ಟ್ರೇಶನ್ 8,500 ನೋಡಿ. ಕಾರಿಗೆ ಆರ್‌ಟಿಓ ರಿಜಿಸ್ಟ್ರೇಶನ್ ಫೀಸು 600, ಲೋನ್ ಇದ್ರೆ ಹೈಪೋಥಿಕೇಶನ್ (ಬ್ಯಾಂಕಿನ ಸಾಲ ಇದೆ ಅಂತ ಆರ್‌ಸಿಲಿ ನಮೂದಿಸೋದು) 1,500, ಸ್ಮಾರ್ಟ್ ಕಾರ್ಡಿಗೆ 200. ಉಳಿದಿದ್ದು ಯಾವ್ದಕ್ಕೆ ಅಂತ ಕೇಳಿ, ಪರಿವಾಹನ್ (ಸರ್ಕಾರದ ಸಾರಿಗೆ ವೆಬ್‌ಸೈಟ್) ರಸೀದಿ ಕೊಡಿ ಅಷ್ಟೇ ಕಟ್ತೀನಿ ಅನ್ನಿ. ಹ್ಯಾಂಡ್ಲಿಂಗ್ ಅಂತೂ ಗಾಡಿನ ಅವರ ಗೋಡೌನಿಂದ ಅವರದೇ ಶೋರೂಮಿಗೆ ತರೋ ಖರ್ಚು, ಅದನ್ನ ನೀವ್ಯಾಕೆ ಕೊಡ್ಬೇಕು? ಇದನ್ನ ಯಾವ ಕಾನೂನಿನ ಪ್ರಕಾರ ತಗೋತೀರ, ಲೆಟರ್‌ಹೆಡ್ಡಲ್ಲಿ ಬರ್ಕೊಡಿ ಅಂತ ಕೇಳಿದ್ರೆ ಸಾಮಾನ್ಯವಾಗಿ ತೆಗೀತಾರೆ. ತೆಗೀದೇ ಇದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲಿ ದೂರು ಕೊಡಿ.

ಕಿಟ್ ಪೂರ್ತಿ ಬೇಡ ಅನ್ನಿ. ಮ್ಯಾಟು, ಮಡ್‌ಫ್ಲಾಪು, ಸೀಟ್ ಕವರ್ ಎಲ್ಲ ಹೊರಗಡೆ ಅಂಗಡೀಲಿ ಎಷ್ಟೋ ಕಮ್ಮಿಗೆ ಸಿಗುತ್ತೆ.

ಇನ್ನೊಂದು, ಟಾಪ್ ಮಾಡೆಲ್‌ಗೆ ಸ್ವಲ್ಪವೇ ಜಾಸ್ತಿ ಸಾರ್ ಅಂತ ಎಳೀತಾರೆ, ಎಕ್ಸ್‌ಶೋರೂಮ್ 10 ಲಕ್ಷ ದಾಟಿತೋ ಟ್ಯಾಕ್ಸ್ ಇಡೀ ಬೆಲೆಗೆ 17% ಆಗುತ್ತೆ. 9,90,000ದ ಗಾಡಿಗೂ 10,10,000ದ ಗಾಡಿಗೂ ಬೆಲೆಲಿ ಇಪ್ಪತ್ತು ಸಾವಿರ ವ್ಯತ್ಯಾಸ, ಟ್ಯಾಕ್ಸಲ್ಲೇ 36 ಸಾವಿರದ ಮೇಲೆ ವ್ಯತ್ಯಾಸ. ಸಾಲದ್ದಕ್ಕೆ 1% ಟಿಸಿಎಸ್ (ಮಾರೋರು ನಮ್ಮಿಂದ ಮೊದ್ಲೇ ವಸೂಲಿ ಮಾಡೋ ಇನ್‌ಕಮ್ ಟ್ಯಾಕ್ಸ್) ಬೇರೆ, ಅದು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದ್ರೆ ನಿಮ್ ತೆರಿಗೆಲಿ ವಜಾ ಆಗುತ್ತೆ ಇಲ್ಲಾ ವಾಪಸ್ ಬರುತ್ತೆ, ಆದ್ರೂ ಮೊದ್ಲು ಕೈಯಿಂದ ಹೋಗ್ಬೇಕಲ್ಲ.

ಪಾಲಿಸಿಅಕ್ಕ_ಮೈಸೂರು:
ನಾನು ಇನ್ಶೂರೆನ್ಸ್ ಕೆಲಸದಲ್ಲೇ ಇರೋದು, ಅದೊಂದು ಸಾಲಿನ ಬಗ್ಗೆ ಹೇಳ್ತೀನಿ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗಾಗೋ ನಷ್ಟದ ಕವರ್) ಕಡ್ಡಾಯ, 2018ರ ಸೆಪ್ಟೆಂಬರಿಂದ. ನಿಮ್ಮ ಸಿಸಿಗೆ ಅದು 10,640 ಮತ್ತು ಜಿಎಸ್‌ಟಿ, ಯಾವ ಕಂಪ್ನಿಗೆ ಹೋದ್ರೂ ಅದೇ ರೇಟು. ಉಳಿದಿದ್ದು ನಿಮ್ಮದೇ ಗಾಡಿ ಡ್ಯಾಮೇಜಿನ ಕವರ್ರು, ಝೀರೋ ಡೆಪ್ (ಕ್ಲೇಮಲ್ಲಿ ಪಾರ್ಟ್ ಹಳೇದಾಗಿದೆ ಅಂತ ದುಡ್ಡು ಕಡಿಯದೇ ಇರೋದು) ಥರದ ಆಡ್‌ಆನ್‌ಗಳು. ಕಂಪ್ನಿಯಿಂದ ಕಂಪ್ನಿಗೆ ರೇಟ್ ಏರುಪೇರಾಗೋದು ಇಲ್ಲೇ, ಶೋರೂಮ್‌ಗೆ ಕಮಿಷನ್ ಇರೋದೂ ಇಲ್ಲೇ. ಶೋರೂಮಲ್ಲೇ ಮಾಡಿಸ್ಬೇಕು ಅನ್ನೋ ನಿಯಮ ಇಲ್ಲ. ಚಾಸಿಸ್ ನಂಬರು, ಎಂಜಿನ್ ನಂಬರು ಕೊಟ್ರೆ ಹೊರಗಡೆ ಪಾಲಿಸಿ ಆಗುತ್ತೆ. ಹೊರಗಡೆ ತಗೊಂಡ್ರೆ ಕ್ಯಾಶ್‌ಲೆಸ್ (ರಿಪೇರಿ ದುಡ್ಡನ್ನ ಕಂಪ್ನಿನೇ ನೇರ ಗ್ಯಾರೇಜಿಗೆ ಕಟ್ಟೋದು) ಸಿಗಲ್ಲ ಅಂತ ಹೆದರಿಸ್ತಾರೆ, ಅದನ್ನ ನಂಬ್ಬೇಡಿ. ನಿಮ್ಮ ಸರ್ವೀಸ್ ಸೆಂಟರು ಆ ಕಂಪ್ನಿಯ ನೆಟ್‌ವರ್ಕ್ ಗ್ಯಾರೇಜಾ ಅಂತ ಒಂದ್ಸಲ ವಿಚಾರಿಸಿದ್ರೆ ಸಾಕು. ಐಡಿವಿ (ಗಾಡಿ ಪೂರ್ತಿ ಹೋದ್ರೆ ಇಲ್ಲಾ ಕಳುವಾದ್ರೆ ಸಿಗೋ ಗರಿಷ್ಠ ಮೊತ್ತ) ಮಾತ್ರ ಎರಡೂ ಕಡೆ ಒಂದೇ ಇಟ್ಟು ಹೋಲಿಸಿ, ಐಡಿವಿ ಇಳಿಸಿ ಪ್ರೀಮಿಯಂ ಕಮ್ಮಿ ತೋರಿಸೋರೂ ಇದಾರೆ.

ಮದ್ದೂರ್_ಹುಡ್ಗ:
ಅಣ್ಣ ಇವತ್ತೇ ಬುಕ್ ಮಾಡಿ ಅನ್ನೋ ಮಾತ್ಗೆ ತಲೆ ಕೆಡುಸ್ಕೋಬೇಡಿ, ನಾಳೆ ಹೋದ್ರೂ ಅದೇ ರೇಟ್ ಕೊಡ್ತರೆ. ಆಷಾಢದಲ್ಲಿ ಗಾಡಿ ತಗೊಳೋರು ಕಮ್ಮಿ, ಶೋರೂಮ್ನೋರಿಗೆ ತಿಂಗ್ಳು ಟಾರ್ಗೆಟ್ ಮುಟ್ಬೇಕು, ನಿಮ್ ಮಾತು ನಡಿಯದು ಈಗ್ಲೇ. ದಸರಾ ಟೈಮ್ಗೆ ಹೋಗಿ ನೋಡಿ, ಹಾರ ಹಾಕಿರೋ ಗಾಡಿಗಳು ಸಾಲಾಗಿ ನಿಂತಿರ್ತವೆ, ನಿಮ್ಮುನ್ನ ಮಾತಾಡ್ಸೋಕೂ ಯಾರ್ಗೂ ಪುರ್ಸೊತ್ತಿರಲ್ಲ. ಅದುಕ್ಕೆ ಈಗ ರೇಟ್ ಮಾತಾಡಿ ಬರೆಸ್ಕೊಂಡು ಬುಕ್ ಮಾಡ್ಬುಡಿ, ಡೆಲಿವರಿ ಶ್ರಾವಣದಲ್ಲಿ ತಗೊಳಿ, ಅಪ್ಪಂಗೂ ಸಮಾಧಾನ ಆಯ್ತದೆ. ಅದುಕ್ಕೆ ಮೊದ್ಲು ಮೈಸೂರಲ್ಲಿ ಒಂದ್ ಕಡೆ, ಬೆಂಗ್ಳೂರಲ್ಲಿ ಒಂದ್ ಕಡೆ ಅದೇ ಮಾಡೆಲ್ಗೆ ಕೊಟೇಶನ್ ತಗೊಳಿ, ವಾಟ್ಸಾಪಲ್ಲೇ ಕಳಿಸ್ತರೆ. ಆ ಕಾಗ್ದ ಮಂಡ್ಯದೋರ್ ಮುಂದೆ ಇಡಿ ಸಾಕು, ಜಗಳ ಏನೂ ಬೇಡ. ಮನೇಲಿ ಯಾರಾದ್ರೂ ಗೌರ್ಮೆಂಟ್ ಕೆಲ್ಸದಲ್ಲಿ ಇದ್ರೆ ಕಾರ್ಪೊರೇಟ್ ಆಫರ್ ಐತಾ ಅಂತಾನೂ ಕೇಳಿ, ನಾವ್ ಕೇಳ್ದೆ ಅವ್ರಾಗೇ ಹೇಳಲ್ಲ.

ಕಬ್ಬಿನಗದ್ದೆ_ಕೆಎ11:
ತುಂಬಾ ಉಪಕಾರ ಆಯ್ತು. ಮೈಸೂರಿನ ಕೊಟೇಶನ್ ತೋರಿಸಿದ್ಮೇಲೆ ಹ್ಯಾಂಡ್ಲಿಂಗ್ ತೆಗ್ದಿದಾರೆ, ಕಿಟ್ಟಲ್ಲಿ ಬರೀ ಮ್ಯಾಟ್ ಉಳ್ಸಿದಾರೆ, ಅಕ್ಕ ಟೀಚರ್ ಆಗಿರೋದ್ರಿಂದ ಅವಳ ಐಡಿ ಮೇಲೆ ಕಾರ್ಪೊರೇಟ್ ಆಫರ್ ಕೊಡ್ತೀವಿ ಅಂದ್ರು. ಇನ್ಶೂರೆನ್ಸ್ ಹೊರಗಡೆ 36,000ಕ್ಕೆ ಸಿಗ್ತಿದೆ, ಐಡಿವಿ ಅದೇ, ಝೀರೋ ಡೆಪ್ ಸೇರಿ. ಅದನ್ನ ತೋರಿಸಿದ ತಕ್ಷಣ ನಾವೂ ಅದೇ ರೇಟಿಗೆ ಮಾಡ್ಕೊಡ್ತೀವಿ ಅಂದ್ರು! ಈಗ ಒಂದೇ ಅನುಮಾನ, ಸ್ಟಾಕಲ್ಲಿ ಗಾಡಿ ರೆಡಿ ಇದೆ ನಾಳೆನೇ ಬಿಲ್ ಮಾಡೋಣ ಅಂತಿದಾರೆ. ಹಳೇ ಗಾಡಿ ದಾಟಿಸ್ತಿದಾರಾ ಅಂತ ಹೆಂಗೆ ಗೊತ್ತಾಗುತ್ತೆ?

ಹುಣಸೂರುರೋಡ್:
ಬಿಲ್ ಆಗೋಕೆ ಮುಂಚೆ ಯಾರ್ಡಿಗೆ ಹೋಗಿ ಆ ಗಾಡಿನೇ ನೋಡಿ, ಬೆಳಕಲ್ಲಿ. ಚಾಸಿಸ್ ನಂಬರ್ ಫೋಟೋ ತಕ್ಕೊಳ್ಳಿ, ಆಮೇಲೆ ಬರೋ ಇನ್‌ವಾಯ್ಸಲ್ಲೂ ಅದೇ ನಂಬರ್ ಇರ್ಬೇಕು. ಟೈರಿನ ಪಕ್ಕ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತೆ, 2325 ಅಂದ್ರೆ 2025ರ 23ನೇ ವಾರದ ಟೈರು, ಸ್ಟೆಪ್ನಿನೂ ಬಗ್ಗಿ ನೋಡಿ. ಟೈರಿಂದ ಒಂದು ಅಂದಾಜು ಸಿಗುತ್ತೆ ಅಷ್ಟೇ, ಪಕ್ಕಾ ಬೇಕಂದ್ರೆ ಸೇಲ್ ಸರ್ಟಿಫಿಕೇಟ್, ಅಂದ್ರೆ ಫಾರಂ 21, ಅದ್ರಲ್ಲಿ ತಯಾರಾದ ತಿಂಗಳು ವರ್ಷ ಬರ್ದಿರುತ್ತೆ. ಹೋದ ವರ್ಷದ ಗಾಡಿ ಆಗಿದ್ರೆ ಮುಂದೆ ಮಾರುವಾಗ ಒಂದು ವರ್ಷ ಹಳೇದು ಅಂತಲೇ ರೇಟ್ ಕಟ್ತಾರೆ, ಹಂಗಾಗಿ ಒಂದೋ ಬೇಡ ಅನ್ನಿ ಇಲ್ಲಾ ಅದಕ್ಕೆ ತಕ್ಕಂಗೆ ಬೇರೆ ಡಿಸ್ಕೌಂಟ್ ಕೇಳಿ. ಬುಕಿಂಗ್ ದುಡ್ಡನ್ನ ಶೋರೂಮ್ ಅಕೌಂಟಿಗೇ ಹಾಕಿ, ಸೇಲ್ಸ್‌ನೋರ ಸ್ವಂತ ನಂಬರಿಗೆ ಬೇಡ. ಕ್ಯಾನ್ಸಲ್ ಆದ್ರೆ ಪೂರ್ತಿ ವಾಪಸ್ ಅಂತ ರಸೀದಿ ಮೇಲೇ ಬರೆಸಿ ಸೀಲ್ ಹಾಕಿಸ್ಕೊಳ್ಳಿ.