ಶೇಕಡಾ ಲೆಕ್ಕಕ್ಕೆ ಸಿಗದ ಶಾಲೆಯ ಖರ್ಚು: ಅಮೆರಿಕ ಮತ್ತು ಕರ್ನಾಟಕ

ಅಮೆರಿಕ ಜಿಡಿಪಿಯ ಸುಮಾರು ಶೇ 5ರಷ್ಟನ್ನು ಶಿಕ್ಷಣಕ್ಕೆ ಕೊಡುತ್ತದೆ, ಭಾರತವೂ ಶೇ 4ರ ಆಸುಪಾಸಿನಲ್ಲಿದೆ, ಆದ್ದರಿಂದ ಅಂತರ ಅಂಥ ದೊಡ್ಡದಲ್ಲ ಎಂಬ ವಾದವನ್ನು ನಾನು ಒಪ್ಪಲಾರೆ. ತಲಾ ಜಿಡಿಪಿ 80,000 ಡಾಲರ್ ದಾಟಿರುವ ದೇಶದ ಶೇ 5ನ್ನೂ 2,500 ಡಾಲರಿನ ಸುಮಾರಿಗಿರುವ ದೇಶದ ಶೇ 4ನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೇಲಾಗಿ ಭಾರತದ ಜನರಲ್ಲಿ ಸುಮಾರು ಕಾಲುಭಾಗ ಹದಿನೈದು ವರ್ಷದೊಳಗಿನವರಾದ್ದರಿಂದ ಆ ಹಣ ಇನ್ನಷ್ಟು ತೆಳುವಾಗಿ ಹಂಚಿಹೋಗುತ್ತದೆ. ಕೊಠಾರಿ ಆಯೋಗ 1966ರಲ್ಲಿ ಸೂಚಿಸಿದ ಶೇ 6ರ ಗುರಿಯನ್ನು 2020ರ ಶಿಕ್ಷಣ ನೀತಿ ಮತ್ತೆ ಗುರಿಯೆಂದೇ ಬರೆದುಕೊಂಡಿತು.

ಹಣ ಎಷ್ಟು ಎಂಬುದಕ್ಕಿಂತ ಅದು ಎಲ್ಲಿಂದ ಬರುತ್ತದೆ ಎಂಬುದು ಮಕ್ಕಳನ್ನು ಬೆಳೆಸುವವರಿಗೆ ಹೆಚ್ಚು ಮುಖ್ಯ. ಅಮೆರಿಕದ ಸಾರ್ವಜನಿಕ ಶಾಲೆಗಳಿಗೆ ಒಕ್ಕೂಟ ಸರ್ಕಾರ ಕೊಡುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು ಮಾತ್ರ. ಉಳಿದದ್ದನ್ನು ರಾಜ್ಯಗಳು ಮತ್ತು ಮುಖ್ಯವಾಗಿ ಆಸ್ತಿ ತೆರಿಗೆಯನ್ನು ನೆಚ್ಚಿಕೊಂಡ ಸ್ಥಳೀಯ ಶಾಲಾ ಜಿಲ್ಲೆಗಳು (ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕಗಳು) ಭರಿಸುತ್ತವೆ. ಹೀಗಾಗಿ 2022ರ ಆರ್ಥಿಕ ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೆ ದೇಶದ ಸರಾಸರಿ ಖರ್ಚು ಸುಮಾರು 15,600 ಡಾಲರ್ ಇದ್ದಾಗ ನ್ಯೂಯಾರ್ಕ್ 30,000ದ ಹತ್ತಿರವಿತ್ತು, ಯೂಟಾ 10,000ವನ್ನೂ ಮುಟ್ಟಿರಲಿಲ್ಲ. ಇಂಥ ಅಸಮಾನತೆಯನ್ನು ಪ್ರಶ್ನಿಸಿದ ಟೆಕ್ಸಸ್‌ನ ಪೋಷಕರಿಗೆ ಸುಪ್ರೀಂ ಕೋರ್ಟ್ 1973ರಲ್ಲಿ, ಶಿಕ್ಷಣವು ಒಕ್ಕೂಟ ಸಂವಿಧಾನದ ಮೂಲಭೂತ ಹಕ್ಕಲ್ಲವೆಂದು ಉತ್ತರಿಸಿತು. ಭಾರತದಲ್ಲಿ 2002ರ ತಿದ್ದುಪಡಿಯಿಂದ ಬಂದ 21ಎ ವಿಧಿ ಅದನ್ನು ಹಕ್ಕೆಂದೇ ಘೋಷಿಸಿದೆ. ಹಕ್ಕು ಒಂದು ಕಡೆ, ಹಣ ಇನ್ನೊಂದು ಕಡೆ!

ಕ್ಯಾಲಿಫೋರ್ನಿಯಾದಲ್ಲಿ ಮನೆ ಹುಡುಕುತ್ತಿರುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಎಂಬ ಕಾನೂನು ಆಸ್ತಿ ತೆರಿಗೆಗೆ ಶೇ 1ರ ಮಿತಿ ಹಾಕಿದ ಮೇಲೆ ಹೆಚ್ಚಿನ ಜಿಲ್ಲೆಗಳಲ್ಲಿ ಶಾಲೆಯ ಹಣದ ಹಿಡಿತ ರಾಜ್ಯದ ಕೈಗೆ ಹೋಯಿತು. 2013ರಿಂದ ಜಾರಿಯಲ್ಲಿರುವ ರಾಜ್ಯದ ಹಣ ಹಂಚಿಕೆಯ ಸೂತ್ರವು ಬಡ ಕುಟುಂಬಗಳ ಮತ್ತು ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಸಂಖ್ಯೆ ನೋಡಿ ಹೆಚ್ಚುವರಿ ಹಣ ಕೊಡುತ್ತದೆ, ಇದು ನ್ಯಾಯವೇ. ಆದ್ದರಿಂದ ಒಳ್ಳೆಯ ಅಂಕದ ಶಾಲೆಗೆ ಸರ್ಕಾರದ ಹಣವೂ ಹೆಚ್ಚು ಬರುತ್ತದೆಂದು ಭಾವಿಸಬಾರದು. ಅಮೆರಿಕದಲ್ಲಿರುವ ನಮ್ಮವರು ಮುಗಿಬಿದ್ದು ಮನೆ ಕೊಳ್ಳುವ ಕುಪರ್ಟಿನೋ ಊರಿನಲ್ಲೇ ಮಕ್ಕಳ ಸಂಖ್ಯೆ ಕುಸಿದು 2022ರಲ್ಲಿ ಪ್ರಾಥಮಿಕ ಶಾಲೆಗಳನ್ನು ಮುಚ್ಚಲಾಯಿತು. ಇಂಥ ಊರುಗಳಲ್ಲಿ ಸಂಗೀತ, ಚಿತ್ರಕಲೆಯ ತರಗತಿಗಳಿಗೆ ಪೋಷಕರ ದೇಣಿಗೆಯನ್ನೇ ನೆಚ್ಚಿಕೊಂಡಿರುವುದು ಸಾಮಾನ್ಯ.

ಕರ್ನಾಟಕದಲ್ಲಿ ಶಾಲಾ ಶಿಕ್ಷಣದ ಹಣದ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಆದರೂ ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲೇ ಆರಂಭವಾಯಿತು, 2013ರಲ್ಲಿ ಕ್ಷೀರಭಾಗ್ಯವೂ ಸೇರಿತು. ಸಿರಿವಂತ ಕ್ಯಾಲಿಫೋರ್ನಿಯಾ ತನ್ನ ಸಾರ್ವಜನಿಕ ಶಾಲೆಗಳ ಎಲ್ಲ ಮಕ್ಕಳಿಗೂ ಉಚಿತ ಊಟ ಕೊಡತೊಡಗಿದ್ದು 2022-23ರಲ್ಲಿ.

ಅಮೆರಿಕದಿಂದ ಬೆಂಗಳೂರಿಗೆ ಮರಳುವ ಬಹುತೇಕ ಕುಟುಂಬಗಳು ಮಕ್ಕಳನ್ನು ಸಿಬಿಎಸ್‌ಇ ಅಥವಾ ಐಸಿಎಸ್‌ಇ ಪಠ್ಯಕ್ರಮದ ಖಾಸಗಿ ಶಾಲೆಗಳಿಗೇ ಸೇರಿಸುವುದರಿಂದ, ಅವರು ಕಟ್ಟುವ ಶುಲ್ಕ ಸರ್ಕಾರಿ ವೆಚ್ಚದ ಯಾವ ಪಟ್ಟಿಯಲ್ಲೂ ಕಾಣದು. ಅಮೆರಿಕದ ಆಸ್ತಿ ತೆರಿಗೆಯ ಶಾಲಾ ಭಾಗ ಮತ್ತು ದೇಣಿಗೆಯನ್ನು ಒಂದು ಬದಿಗೆ, ಬೆಂಗಳೂರಿನ ಶುಲ್ಕವನ್ನು ಇನ್ನೊಂದು ಬದಿಗೆ ಬರೆದುಕೊಂಡರೆ ಮನೆಯ ಮಟ್ಟಿಗಾದರೂ ನಿಜವಾದ ಹೋಲಿಕೆ ಸಿಗುತ್ತದೆ. ಖರ್ಚನ್ನು ಪ್ರಶ್ನಿಸುವವರು ಯಾರು ಎಂಬುದೂ ಆಗ ಬದಲಾಗುತ್ತದೆ. ಅಮೆರಿಕದಲ್ಲಿ ಸ್ಕೂಲ್ ಬೋರ್ಡಿನ ಸಭೆಯಲ್ಲಿ ಎದ್ದುನಿಂತು ಬಜೆಟ್ಟಿನ ಲೆಕ್ಕ ಕೇಳುವವರು ಊರಿಗೆ ಮರಳಿದ ಮೇಲೆ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕ ಸದಸ್ಯರಾಗಲಾರರು, ಏಕೆಂದರೆ ಅದಕ್ಕೆ ಅವರ ಮಗು ಅದೇ ಶಾಲೆಯಲ್ಲಿ ಓದುತ್ತಿರಬೇಕು.