ಸಹಾಯ ಬೇಕು: ನಡವಳಿಕೆ ಬದಲಿಸುವ ಕಾರ್ಯಕ್ರಮವನ್ನು ಪರೀಕ್ಷಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ನರ್ಸಿಂಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಬಿಪಿ ಇರುವವರು ಮಾತ್ರೆಯನ್ನು ನಡುವೆ ಬಿಡದಂತೆ ನರ್ಸ್‌ಗಳು ನೆರವಾಗುವ ಕಾರ್ಯಕ್ರಮ ನನ್ನ ವಿಷಯ.

ರೂಪಿಸುವ ಕೆಲಸ ಒಂದು ಹಂತಕ್ಕೆ ಬಂದಿದೆ. ಸೂಸನ್ ಮಿಕಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ, ಒಂದು ನಡವಳಿಕೆಗೆ ಏನೇನು ಬೇಕು ಎಂದು ಹೇಳುವ ಕಾಮ್-ಬಿ (COM-B) ಮಾದರಿ ಹಿಡಿದಿದ್ದೇನೆ. ಸಾಮರ್ಥ್ಯ, ಅವಕಾಶ, ಪ್ರೇರಣೆ: ಇವುಗಳಲ್ಲಿ ಯಾವುದರ ಕೊರತೆಯಿಂದ ಮಾತ್ರೆ ತಪ್ಪುತ್ತಿದೆ ಎಂದು ಮೊದಲು ನೋಡಬೇಕು. ಮರೆಯುವವರಿಗೆ ಬೇಕಾದದ್ದೇ ಬೇರೆ, 'ಆರಾಮಾಗಿದ್ದೀನಿ, ಮಾತ್ರೆ ಯಾಕೆ' ಅನ್ನುವವರಿಗೆ ಬೇಕಾದದ್ದೇ ಬೇರೆ. ಸುಮ್ನೆ ಎಲ್ಲರ ಕೈಗೂ ಒಂದೇ ಕರಪತ್ರ ಕೊಟ್ಟರೆ ಆಗಲ್ಲ, ಅಲ್ವಾ?

ತೊಡಕಿರುವುದು ಪರೀಕ್ಷೆಯಲ್ಲಿ. ಒಂದೇ ಒಪಿಡಿಯ ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರೆ, ಕಾಯುವಾಗ ಅವರು ಮಾತಾಡಿಕೊಳ್ಳುತ್ತಾರೆ. ತರಬೇತಿ ಪಡೆದ ನರ್ಸ್ ಕೂಡ ಕಂಟ್ರೋಲ್ ಗುಂಪಿನ (ಹೋಲಿಕೆಗಾಗಿ ಇಟ್ಟ, ಕಾರ್ಯಕ್ರಮ ಸಿಗದ ಗುಂಪು) ಮುಂದೆ ಬಾಯಿ ಕಟ್ಟಿಕೊಂಡು ಕೂರಲಾರರು (ಕೂರಲೂಬಾರದು ಅನಿಸುತ್ತದೆ). ಆಗ ಎರಡು ಗುಂಪಿನ ವ್ಯತ್ಯಾಸವೇ ಕರಗಿಬಿಡುತ್ತದೆ. ರೋಗಿಗಳ ಬದಲು ಇಡೀ ಆಸ್ಪತ್ರೆಗಳನ್ನೇ ಘಟಕವಾಗಿ ಎರಡು ಗುಂಪಿಗೆ ಹಂಚಿದರೆ ಈ ತಾಪತ್ರಯ ಕಡಿಮೆ. ಆದರೆ ಒಂದೇ ಆಸ್ಪತ್ರೆಯ ರೋಗಿಗಳು ಒಬ್ಬರಿಗೊಬ್ಬರು ಹೋಲುವುದರಿಂದ ಸ್ಯಾಂಪಲ್, ಅಂದರೆ ಅಧ್ಯಯನಕ್ಕೆ ಸೇರುವ ರೋಗಿಗಳು, ಜಾಸ್ತಿ ಬೇಕು. ಒಬ್ಬ ವಿದ್ಯಾರ್ಥಿಗೆ ಅದು ಭಾರ.

ಇಂಥ ಅಧ್ಯಯನ ಮಾಡಿದವರು ಯಾವ ದಾರಿ ಹಿಡಿದಿರಿ? ಕಂಟ್ರೋಲ್ ಗುಂಪಿಗೆ ಮಾಮೂಲಿ ಆರೈಕೆ ಮಾತ್ರ ಕೊಟ್ಟಿರಾ, ಅಥವಾ ಅಷ್ಟೇ ಹೊತ್ತು ಬೇರೆ ವಿಷಯ ಮಾತಾಡಿದಿರಾ? ಮಾತ್ರೆ ಎಣಿಸುವುದು, ರೋಗಿಯನ್ನೇ ಕೇಳುವುದು ಎರಡರಲ್ಲೂ ಲೆಕ್ಕ ಹೆಚ್ಚಾಗಿ ಬರುವ ಅಪಾಯವಿದೆ. ಜೊತೆಗೆ ಇನ್ನೇನು ಅಳೆದಿರಿ? ನರ್ಸ್‌ಗಳು ಕಾರ್ಯಕ್ರಮವನ್ನು ಬರೆದಂತೆಯೇ ನಡೆಸಿದರಾ ಎಂದು ನೋಡಲು ಬಳಸಿದ ಚೆಕ್‌ಲಿಸ್ಟ್ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ಮೊದಲು ಸಣ್ಣ ಪೈಲಟ್ ಮಾಡುವವಳಿದ್ದೇನೆ, ಅದಕ್ಕೂ ಸಲಹೆ ಬರಲಿ.